ಘೋಷಣೆಯಿಲ್ಲದ ಯುದ್ಧ: ಅಟ್ಲಾಂಟಿಕ್ ಕಡಲಿನಲ್ಲಿ ಅಮೆರಿಕದ ತಟಸ್ಥತೆ, 1939–1941

(ಉಪನ್ಯಾಸದ ಬರಹ ರೂಪ)

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದದ್ದು ಯಾವಾಗ ಎಂದು ಯಾವ ಪರೀಕ್ಷೆಯಲ್ಲಿ ಕೇಳಿದರೂ ನಾವು ಬರೆಯುವ ಉತ್ತರ ಒಂದೇ: 1941ರ ಡಿಸೆಂಬರ್, ಪರ್ಲ್ ಹಾರ್ಬರ್. ಆ ಉತ್ತರಕ್ಕೆ ಪೂರ್ಣ ಅಂಕಗಳೂ ಸಿಗುತ್ತವೆ. ಆದರೆ ಪರ್ಲ್ ಹಾರ್ಬರಿಗೆ ಐದು ವಾರ ಮೊದಲೇ, ಅಕ್ಟೋಬರ್ 31ರ ನಸುಕಿನಲ್ಲಿ, ಉತ್ತರ ಅಟ್ಲಾಂಟಿಕ್‌ನ ನಡುಗಡಲಿನಲ್ಲಿ ರೂಬೆನ್ ಜೇಮ್ಸ್ ಎಂಬ ಅಮೆರಿಕದ ಡೆಸ್ಟ್ರಾಯರ್ ಹಡಗು ಜರ್ಮನ್ ಜಲಾಂತರ್ಗಾಮಿಯೊಂದರ ಟಾರ್ಪೆಡೊಗೆ ತುತ್ತಾಗಿ ಮುಳುಗಿತ್ತು. ಬದುಕಿ ಬಂದವರು 44 ನಾವಿಕರು. ಅಧಿಕಾರಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಅಂದು ಕಾನೂನಿನ ಕಣ್ಣಿನಲ್ಲಿ ಅಮೆರಿಕ ತಟಸ್ಥ ರಾಷ್ಟ್ರವಾಗಿತ್ತು. ವಾಷಿಂಗ್ಟನ್ನಿನಲ್ಲಿ ಜರ್ಮನಿಯ ರಾಯಭಾರ ಕಚೇರಿ ಎಂದಿನಂತೆ ನಡೆಯುತ್ತಿತ್ತು, ಬರ್ಲಿನ್ನಿನಲ್ಲಿ ಅಮೆರಿಕದ ಕಚೇರಿಯೂ ಹಾಗೆಯೇ ಇತ್ತು. ಅದಾದ ಮೇಲೂ ಎರಡೂ ಕಚೇರಿಗಳು ಮುಚ್ಚಲಿಲ್ಲ.

ಯುದ್ಧವೂ ಇದ್ದು ತಟಸ್ಥತೆಯೂ ಇದ್ದ ಈ ವಿಚಿತ್ರ ಸ್ಥಿತಿ ಹುಟ್ಟಿಕೊಂಡ ಬಗೆಯನ್ನು ವಿವರಿಸುವುದು ಇಂದಿನ ನನ್ನ ಉದ್ದೇಶ. ನಾನು ಓದಿ ತಿಳಿದ ಮಟ್ಟಿಗೆ, ಅಮೆರಿಕದ ತಟಸ್ಥತೆ ಒಂದು ದಿನ ಒಂದು ಗಳಿಗೆಯಲ್ಲಿ ಮುರಿದು ಬೀಳಲಿಲ್ಲ. ಕಾಗದದ ಮೇಲೆ ಅದನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡು, ಕಡಲಿನ ಮೇಲೆ ಅದರ ಗಡಿಗೆರೆಯನ್ನು ಸ್ವಲ್ಪಸ್ವಲ್ಪವಾಗಿ ಪೂರ್ವಕ್ಕೆ ಸರಿಸುತ್ತ ಹೋದರು. ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತುವ ರೈತನನ್ನು ಕಂಡವರಿಗೆ ಈ ವಿಧಾನ ಹೊಸದೇನೂ ಅಲ್ಲ.

ಕಥೆ ಹಿಂದಿನ ಯುದ್ಧದಿಂದ ಆರಂಭವಾಗಬೇಕು. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ತನ್ನ ಜನರು ನಡೆಯಲ್ಲಷ್ಟೇ ಅಲ್ಲದೆ ಮನಸ್ಸಿನಲ್ಲೂ ನಿಷ್ಪಕ್ಷಪಾತಿಗಳಾಗಿರಬೇಕೆಂದು ಕೇಳಿಕೊಂಡಿದ್ದರು. ಆದರೆ ತಟಸ್ಥ ದೇಶದ ಪ್ರಜೆಗೆ ಯಾವ ಹಡಗಿನಲ್ಲಿ ಬೇಕಾದರೂ ಪ್ರಯಾಣಿಸುವ ಹಕ್ಕಿದೆ, ತಟಸ್ಥ ದೇಶದ ವ್ಯಾಪಾರಿಗೆ ಯಾವ ಬಂದರಿಗೆ ಬೇಕಾದರೂ ಸರಕು ಒಯ್ಯುವ ಹಕ್ಕಿದೆ ಎಂಬ ಕಡಲ ಸ್ವಾತಂತ್ರ್ಯದ ತತ್ತ್ವವನ್ನು ಅವರು ಬಿಟ್ಟುಕೊಡಲಿಲ್ಲ. 1915ರ ಮೇ 7ರಂದು ಬ್ರಿಟನ್ನಿನ ಪ್ರಯಾಣಿಕ ಹಡಗು ಲುಸಿಟೇನಿಯಾ ಐರ್ಲೆಂಡಿನ ದಕ್ಷಿಣ ತೀರದಲ್ಲಿ ಮುಳುಗಿ ಸುಮಾರು 1,200 ಮಂದಿ ಸತ್ತಾಗ, ಅವರಲ್ಲಿ 128 ಜನ ಅಮೆರಿಕನ್ನರಿದ್ದರು. ಮರುವರ್ಷ ಸಸೆಕ್ಸ್ ಎಂಬ ಹಡಗಿನ ಮೇಲಿನ ದಾಳಿಯ ನಂತರ ಜರ್ಮನಿ ತನ್ನ ಜಲಾಂತರ್ಗಾಮಿಗಳಿಗೆ ಕಡಿವಾಣ ಹಾಕುವುದಾಗಿ ಮಾತು ಕೊಟ್ಟಿತು. 1917ರ ಫೆಬ್ರವರಿ 1ರಂದು ಆ ಮಾತನ್ನು ಹಿಂತೆಗೆದುಕೊಂಡು ಕಂಡಕಂಡ ಹಡಗನ್ನು ಮುಳುಗಿಸುವ ಯುದ್ಧಕ್ಕೆ ಇಳಿಯಿತು. ಏಪ್ರಿಲ್ 6ರಂದು ಅಮೆರಿಕ ಯುದ್ಧ ಘೋಷಿಸಿತು.

ಆ ಯುದ್ಧದಲ್ಲಿ ಅಮೆರಿಕ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಯುದ್ಧ ಮುಗಿದು ಹದಿನೈದು ವರ್ಷಗಳಾದ ಮೇಲೆ, ಆರ್ಥಿಕ ಕುಸಿತದ ದಿನಗಳಲ್ಲಿ, ಆ ಸಾವುಗಳಿಗೆ ನಿಜವಾದ ಕಾರಣ ಏನು ಎಂಬ ಪ್ರಶ್ನೆ ಮತ್ತೆ ಎದ್ದಿತು. ನಾರ್ತ್ ಡಕೋಟಾದ ಸೆನೆಟರ್ ಜೆರಾಲ್ಡ್ ನೈ ಅವರ ನೇತೃತ್ವದ ಸಮಿತಿಯೊಂದು 1934ರಿಂದ 1936ರವರೆಗೆ ಶಸ್ತ್ರಾಸ್ತ್ರ ತಯಾರಕರ ಮತ್ತು ಬ್ಯಾಂಕುಗಳ ಲಾಭದ ಲೆಕ್ಕವನ್ನು ಜಾಲಾಡಿತು. ಸಾಲ ಕೊಟ್ಟವರೂ ಮದ್ದುಗುಂಡು ಮಾರಿದವರೂ ಸೇರಿ ದೇಶವನ್ನು ಯುದ್ಧಕ್ಕೆ ಎಳೆದರು ಎಂಬ ಭಾವನೆ ಜನರಲ್ಲಿ ಬೇರೂರಿತು. ಈ ಭಾವನೆ ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ. ಆದರೆ ಅದು ಹುಟ್ಟಿಸಿದ ಕಾನೂನುಗಳು ಪೂರ್ಣ ಸತ್ಯ. 1935, 1936 ಮತ್ತು 1937ರ ತಟಸ್ಥತಾ ಕಾಯಿದೆಗಳು ಯುದ್ಧನಿರತ ದೇಶಗಳಿಗೆ ಆಯುಧ ಮಾರುವುದನ್ನು, ಸಾಲ ಕೊಡುವುದನ್ನು, ಅವುಗಳ ಹಡಗುಗಳಲ್ಲಿ ಅಮೆರಿಕದ ಪ್ರಜೆಗಳು ಪ್ರಯಾಣಿಸುವುದನ್ನು ಒಂದೊಂದಾಗಿ ನಿಷೇಧಿಸಿದವು. ಯಾವ ಕಡಲ ಸ್ವಾತಂತ್ರ್ಯಕ್ಕಾಗಿ ವಿಲ್ಸನ್ ಯುದ್ಧಕ್ಕಿಳಿದರೋ ಅದನ್ನೇ ಅಮೆರಿಕದ ಸಂಸತ್ತು ತಾನಾಗಿ ಬಿಟ್ಟುಕೊಟ್ಟಿತು. ಇನ್ನೊಂದು ಲುಸಿಟೇನಿಯಾ ಆಗದಿರಲು ಸುಲಭ ಉಪಾಯವೆಂದರೆ ಹಡಗನ್ನೇ ಹತ್ತದಿರುವುದು ಎಂಬ ತರ್ಕ.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಘೋಷಿಸಿದ ಸಂಜೆಯೇ ಆ ತರ್ಕದ ಪರೀಕ್ಷೆ ನಡೆಯಿತು. ಅಥೀನಿಯಾ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗನ್ನು ಜರ್ಮನಿಯ ಯು-30 ಎಂಬ ಜಲಾಂತರ್ಗಾಮಿ ಮುಳುಗಿಸಿತು. ಸತ್ತ ನೂರಕ್ಕೂ ಹೆಚ್ಚು ಜನರಲ್ಲಿ 28 ಮಂದಿ ಅಮೆರಿಕನ್ನರು. ಅದೇ ದಿನ ರಾತ್ರಿ ರೇಡಿಯೊದಲ್ಲಿ ಮಾತನಾಡಿದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ದೇಶ ತಟಸ್ಥವಾಗಿ ಉಳಿಯುತ್ತದೆ, ಆದರೆ ಪ್ರತಿಯೊಬ್ಬ ಅಮೆರಿಕನ್ನನೂ ಮನಸ್ಸಿನಲ್ಲಿ ತಟಸ್ಥನಾಗಿರಬೇಕೆಂದು ತಾನು ಕೇಳಲಾರೆ ಎಂದರು. ವಿಲ್ಸನ್ನರ ಹಳೆಯ ಮಾತನ್ನು ನೆನಪಿಟ್ಟುಕೊಂಡೇ ಆಡಿದ ಮಾತು ಇದು. ನವೆಂಬರಿನಲ್ಲಿ ಕಾಯಿದೆ ಬದಲಾಯಿತು: ಹಣ ಎಣಿಸಿಕೊಟ್ಟು ತಮ್ಮದೇ ಹಡಗಿನಲ್ಲಿ ಒಯ್ಯುವವರಿಗೆ ಆಯುಧ ಮಾರಬಹುದು, ಆದರೆ ಅಮೆರಿಕದ ಹಡಗುಗಳು ಯುದ್ಧವಲಯಕ್ಕೆ ಕಾಲಿಡುವಂತಿಲ್ಲ. ಹಣವೂ ಹಡಗೂ ಇದ್ದದ್ದು ಬ್ರಿಟನ್ ಫ್ರಾನ್ಸುಗಳಿಗೆ ಮಾತ್ರ. ಹಾಗಾಗಿ ಎಲ್ಲರಿಗೂ ಒಂದೇ ಎಂದು ಬರೆದ ಕಾಯಿದೆ ಒಬ್ಬರಿಗಷ್ಟೇ ಒದಗಿತು. ಇದರ ಇನ್ನೊಂದು ಪರಿಣಾಮವನ್ನು ಗಮನಿಸಬೇಕು. ಅಮೆರಿಕದ ವ್ಯಾಪಾರಿ ಹಡಗುಗಳು ಯುದ್ಧವಲಯದಿಂದ ದೂರ ಉಳಿದದ್ದರಿಂದ, ಈ ಬಾರಿ ಅಮೆರಿಕ ಮತ್ತು ಜರ್ಮನಿಯ ನಡುವಿನ ತಿಕ್ಕಾಟ ಪ್ರಯಾಣಿಕರ ಹೆಸರಿನಲ್ಲಿ ಬೆಳೆಯದೆ ಯುದ್ಧನೌಕೆಗಳ ನಡುವೆಯೇ ಬೆಳೆಯಿತು.

ಗಡಿಗೆರೆಯ ಮಾತಿಗೆ ಬರೋಣ. ಮೊದಲ ಗೆರೆಯನ್ನು ಎಳೆದದ್ದು 1939ರ ಅಕ್ಟೋಬರ್ 3ರಂದು, ಪನಾಮಾದಲ್ಲಿ ಸೇರಿದ ಅಮೆರಿಕ ಖಂಡಗಳ ಗಣರಾಜ್ಯಗಳು. ಎರಡೂ ಖಂಡಗಳ ಸುತ್ತ ಸುಮಾರು 300 ಮೈಲು ಅಗಲದ ಪಟ್ಟಿಯೊಳಗೆ ಯಾರೂ ಯುದ್ಧ ಮಾಡಕೂಡದೆಂದು ಅವು ಸಾರಿದವು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಆಧಾರವಿರಲಿಲ್ಲ, ಯುದ್ಧನಿರತರು ಇದನ್ನು ಒಪ್ಪಲೂ ಇಲ್ಲ. ಡಿಸೆಂಬರಿನಲ್ಲಿ ಗ್ರಾಫ್ ಸ್ಪೀ ಎಂಬ ಜರ್ಮನ್ ಯುದ್ಧನೌಕೆಯೂ ಬ್ರಿಟನ್ನಿನ ಮೂರು ಕ್ರೂಸರುಗಳೂ ಪ್ಲೇಟ್ ನದಿಯ ಮುಖದ ಹತ್ತಿರ ಆ ಪಟ್ಟಿಯೊಳಗೇ ಕಾದಾಡಿದವು. ಆದರೂ ಅಮೆರಿಕದ ನೌಕಾಪಡೆ ಅಲ್ಲಿ ‘ತಟಸ್ಥತಾ ಗಸ್ತು’ ಎಂಬ ಹೆಸರಿನಲ್ಲಿ ಓಡಾಡತೊಡಗಿತು. ಗಸ್ತು ಹೇಗಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ಕೊಲಂಬಸ್ ಎಂಬ ಜರ್ಮನ್ ಪ್ರಯಾಣಿಕ ಹಡಗು ಮೆಕ್ಸಿಕೊದ ಬಂದರಿನಿಂದ ತಪ್ಪಿಸಿಕೊಂಡು ಮನೆಗೆ ಹೊರಟಾಗ ಅಮೆರಿಕದ ನೌಕೆಗಳು ಸರದಿಯಂತೆ ಅದನ್ನು ಹಿಂಬಾಲಿಸುತ್ತ, ಅದು ಇರುವ ಜಾಗವನ್ನು ಯಾರು ಬೇಕಾದರೂ ಕೇಳಬಹುದಾದ ಸಾದಾ ಭಾಷೆಯಲ್ಲಿ ರೇಡಿಯೊ ಮೂಲಕ ಸಾರುತ್ತಿದ್ದವು. ಕೇಳಬೇಕಾದವರು ಕೇಳಿಸಿಕೊಂಡರು. ಡಿಸೆಂಬರ್ 19ರಂದು ಬ್ರಿಟಿಷ್ ಡೆಸ್ಟ್ರಾಯರ್ ಎದುರಾದಾಗ ಕೊಲಂಬಸ್ಸಿನ ನಾವಿಕರು ತಮ್ಮ ಹಡಗನ್ನು ತಾವೇ ಮುಳುಗಿಸಿದರು. ಅವರನ್ನು ನೀರಿನಿಂದೆತ್ತಿ ನ್ಯೂಯಾರ್ಕಿಗೆ ತಂದದ್ದೂ ಅಮೆರಿಕದ ಟಸ್ಕಲೂಸಾ ಎಂಬ ಕ್ರೂಸರೇ. ಒಂದೇ ಒಂದು ಗುಂಡು ಹಾರಿಸದೆ, ಒಂದು ನಿಯಮವನ್ನೂ ಎದ್ದು ಕಾಣುವಂತೆ ಮುರಿಯದೆ, ತಟಸ್ಥ ದೇಶವೊಂದು ಒಂದು ಪಕ್ಷದ ಹಡಗನ್ನು ಇನ್ನೊಂದು ಪಕ್ಷದ ಕೈಗೆ ತೋರಿಸಿಕೊಟ್ಟಿತ್ತು. ಮುಂದಿನ ಎರಡು ವರ್ಷಗಳ ಇಡೀ ನಾಟಕದ ನಾಂದಿಯೇ ಇದು.

1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಿತು. ಯುದ್ಧದ ಆರಂಭದಲ್ಲಿ ಜರ್ಮನಿಯ ಬಳಿ ಇದ್ದ ಜಲಾಂತರ್ಗಾಮಿಗಳು 57 ಮಾತ್ರ. ಈಗ ಫ್ರಾನ್ಸಿನ ಪಶ್ಚಿಮ ತೀರದ ಬಂದರುಗಳು ಕೈಗೆ ಸಿಕ್ಕಿದ್ದರಿಂದ ಇರುವಷ್ಟೇ ದೋಣಿಗಳು ಅಟ್ಲಾಂಟಿಕ್‌ನಲ್ಲಿ ಹೆಚ್ಚು ದಿನ ಬೇಟೆಯಾಡಬಲ್ಲವಾದವು. ಚರ್ಚಿಲ್ ಮೇ ತಿಂಗಳಿನಿಂದಲೇ ನಲವತ್ತೋ ಐವತ್ತೋ ಹಳೆಯ ಡೆಸ್ಟ್ರಾಯರುಗಳಿಗಾಗಿ ಅಂಗಲಾಚುತ್ತಿದ್ದರು. ಸೆಪ್ಟೆಂಬರ್ 2ರಂದು ಒಪ್ಪಂದವಾಯಿತು: ಹಿಂದಿನ ಯುದ್ಧದ ಕಾಲದ 50 ಡೆಸ್ಟ್ರಾಯರುಗಳು ಬ್ರಿಟನ್ನಿಗೆ, ನ್ಯೂಫೌಂಡ್‌ಲೆಂಡ್, ಬರ್ಮುಡಾ ಮತ್ತು ಕೆರಿಬಿಯನ್ ಪ್ರದೇಶದ ನೆಲೆಗಳು 99 ವರ್ಷಗಳ ಮಟ್ಟಿಗೆ ಅಮೆರಿಕಕ್ಕೆ. ಯುದ್ಧನಿರತ ದೇಶಕ್ಕೆ ಯುದ್ಧನೌಕೆ ಕೊಡುವುದು ತಟಸ್ಥನ ಲಕ್ಷಣವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಟಾರ್ನಿ ಜನರಲ್ ರಾಬರ್ಟ್ ಜಾಕ್ಸನ್ ಸಂಸತ್ತಿನ ಒಪ್ಪಿಗೆಯಿಲ್ಲದೆಯೂ ಇದನ್ನು ಮಾಡಬಹುದೆಂದು ಅಭಿಪ್ರಾಯ ಬರೆದುಕೊಟ್ಟರು. ನಾಲ್ಕು ಹೊಗೆಕೊಳವೆಗಳ ಈ ಹಳೆಯ ಹಡಗುಗಳ ಆಕಾರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಅದು ಮುಂದೆ ಬೇಕಾಗುತ್ತದೆ.

ನವೆಂಬರಿನ ಚುನಾವಣೆಗೆ ಮೊದಲು ಬಾಸ್ಟನ್ನಿನಲ್ಲಿ ರೂಸ್‌ವೆಲ್ಟ್ ತಾಯಂದಿರಿಗೂ ತಂದೆಯರಿಗೂ ಮಾತು ಕೊಟ್ಟರು: ನಿಮ್ಮ ಮಕ್ಕಳನ್ನು ಪರದೇಶದ ಯಾವ ಯುದ್ಧಕ್ಕೂ ಕಳುಹಿಸುವುದಿಲ್ಲ. ಮೂರನೆಯ ಬಾರಿ ಗೆದ್ದು ಬಂದ ಮೇಲೆ ಡಿಸೆಂಬರಿನಲ್ಲಿ, ನೆರೆಮನೆಗೆ ಬೆಂಕಿ ಬಿದ್ದಾಗ ನೀರು ಹಾಯಿಸುವ ಕೊಳವೆಯನ್ನು ಬೆಲೆ ಕೇಳದೆ ಕೊಡುವವನ ದೃಷ್ಟಾಂತವನ್ನು ಪತ್ರಕರ್ತರ ಮುಂದಿಟ್ಟರು. ಅದೇ 1941ರ ಮಾರ್ಚ್ 11ರ ಲೆಂಡ್-ಲೀಸ್ ಕಾಯಿದೆಯಾಯಿತು. ಹಣವಿಲ್ಲದ ಬ್ರಿಟನ್ನಿಗೆ ಇನ್ನು ಸಾಮಗ್ರಿ ಎರವಲಾಗಿ ಸಿಗುವಂತಾಯಿತು. ಈ ಕಾಯಿದೆಯ ಗುಣದೋಷಗಳನ್ನು ಅಂದು ಎಷ್ಟೇ ಚರ್ಚಿಸಿರಲಿ, ಅದರೊಳಗೆ ಅಡಗಿದ್ದ ಪ್ರಶ್ನೆ ಒಂದೇ: ಕೊಟ್ಟ ಸರಕು ತಲುಪದೆ ಕಡಲಿನ ತಳ ಸೇರಿದರೆ ಕೊಟ್ಟು ಏನು ಫಲ? ಸರಕು ತಲುಪಬೇಕಾದರೆ ಬೆಂಗಾವಲು ಬೇಕು. ಬೆಂಗಾವಲಿಗೆ ನಿಂತ ನೌಕೆ ಒಂದಲ್ಲ ಒಂದು ದಿನ ಗುಂಡು ಹಾರಿಸಲೇಬೇಕು.

ಆ ದಿನ ಬರುವ ಮೊದಲು ಗೆರೆ ಇನ್ನಷ್ಟು ಸರಿಯಿತು. 1941ರ ಫೆಬ್ರವರಿಯಲ್ಲಿ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಅವರ ಕೈಕೆಳಗೆ ಅಟ್ಲಾಂಟಿಕ್ ನೌಕಾಬಲ ಹೊಸ ರೂಪ ಪಡೆಯಿತು. ಏಪ್ರಿಲ್ 9ರಂದು ವಾಷಿಂಗ್ಟನ್ನಿನಲ್ಲಿದ್ದ ಡೆನ್ಮಾರ್ಕಿನ ರಾಯಭಾರಿ ಹೆನ್ರಿಕ್ ಕಾಫ್‌ಮನ್ ಗ್ರೀನ್‌ಲೆಂಡನ್ನು ಅಮೆರಿಕದ ರಕ್ಷಣೆಗೆ ಒಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ತನ್ನ ದೇಶದ ಸರಕಾರವನ್ನು ಅವರು ಕೇಳಿರಲಿಲ್ಲ. ಆ ಸರಕಾರ ಅವರನ್ನು ಹುದ್ದೆಯಿಂದ ವಜಾ ಮಾಡಿತು, ಅಮೆರಿಕ ಅವರನ್ನೇ ರಾಯಭಾರಿಯೆಂದು ಮನ್ನಿಸುತ್ತಲೇ ಹೋಯಿತು. ಮರುದಿನವೇ ಐಸ್‌ಲ್ಯಾಂಡಿನ ಹತ್ತಿರ, ಮುಳುಗಿದ ಡಚ್ ಹಡಗೊಂದರ ಜನರನ್ನು ಎತ್ತಿಕೊಳ್ಳುತ್ತಿದ್ದ ನಿಬ್ಲಾಕ್ ಎಂಬ ಅಮೆರಿಕದ ಡೆಸ್ಟ್ರಾಯರ್, ನೀರಿನಡಿ ಜಲಾಂತರ್ಗಾಮಿ ಇದೆಯೆಂಬ ಸಂಶಯದಿಂದ ಡೆಪ್ತ್ ಚಾರ್ಜುಗಳನ್ನು, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬುಗಳನ್ನು, ಎಸೆಯಿತು. ಅದೇ ತಿಂಗಳು ಕಿಂಗ್ ಹೊರಡಿಸಿದ ಆದೇಶದಲ್ಲಿ ‘ಪಶ್ಚಿಮ ಗೋಳಾರ್ಧ’ ಎಂಬುದು ಸುಮಾರು 26 ಡಿಗ್ರಿ ಪಶ್ಚಿಮ ರೇಖಾಂಶದವರೆಗೆ ಹಬ್ಬಿತು. 300 ಮೈಲಿನ ಪಟ್ಟಿ ಈಗ ಅಟ್ಲಾಂಟಿಕ್‌ನ ನಟ್ಟನಡುವಿಗೆ ಬಂದಿತ್ತು. ಜುಲೈ 7ರಂದು ಸುಮಾರು 4,000 ಮಂದಿ ಮರೀನ್ ಸೈನಿಕರು ಐಸ್‌ಲ್ಯಾಂಡಿಗೆ ಇಳಿದಾಗ ಆ ದ್ವೀಪವೂ ಗೋಳಾರ್ಧದೊಳಗೆ ಸೇರಿತು. ಕಡ್ಡಾಯ ಸೇವೆಗೆ ಕರೆತಂದ ಸೈನಿಕರನ್ನು ಪಶ್ಚಿಮ ಗೋಳಾರ್ಧದ ಆಚೆಗೆ ಕಳುಹಿಸಕೂಡದೆಂದು ಕಾನೂನು ಇದ್ದುದರಿಂದ ಸ್ವಯಂಸೇವಕರಾದ ಮರೀನರನ್ನು ಆರಿಸಲಾಗಿತ್ತು. ಹೊಸ ಭೂಗೋಳವನ್ನು ಎಳೆದವರಿಗೇ ಅದರ ಮೇಲೆ ಪೂರ್ಣ ನಂಬಿಕೆ ಇರಲಿಲ್ಲವೆಂದು ತೋರುತ್ತದೆ.

ಇದೇ ಬೇಸಿಗೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮೇ 26ರಂದು ಬಿಸ್ಮಾರ್ಕ್ ಯುದ್ಧನೌಕೆ ಬ್ರಿಟಿಷರ ಕಣ್ತಪ್ಪಿಸಿ ಫ್ರಾನ್ಸಿನ ತೀರದತ್ತ ಧಾವಿಸುತ್ತಿದ್ದಾಗ ಅದನ್ನು ಮೊದಲು ಗುರುತಿಸಿದ್ದು ಬ್ರಿಟನ್ನಿನ ಕ್ಯಾಟಲೀನಾ ವಿಮಾನ. ವಿಮಾನ ಅಮೆರಿಕದಲ್ಲಿ ತಯಾರಾದದ್ದು. ಅದರ ಸಹಚಾಲಕರಾಗಿದ್ದವರು ಲೆನರ್ಡ್ ಸ್ಮಿತ್, ಅಮೆರಿಕದ ನೌಕಾಪಡೆಯ ಸೇವಾನಿರತ ಅಧಿಕಾರಿ. ಮರುದಿನ ಬಿಸ್ಮಾರ್ಕ್ ಮುಳುಗಿತು. ತಟಸ್ಥ ದೇಶದ ಅಧಿಕಾರಿಯೊಬ್ಬರು ಅದರ ಮೇಲೆ ಹಾರುತ್ತಿದ್ದರೆಂಬ ವಿಷಯವನ್ನು ಅಂದು ಗುಟ್ಟಾಗಿಯೇ ಇಡಲಾಯಿತು.

ಜರ್ಮನಿ ಇದನ್ನೆಲ್ಲ ಸಹಿಸಿಕೊಂಡದ್ದೇಕೆ ಎಂದು ನೀವು ಕೇಳಬಹುದು. ಜರ್ಮನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ರೇಡರ್ ಸಹಿಸಿಕೊಳ್ಳಲು ಸಿದ್ಧರಿರಲಿಲ್ಲ. ಅಮೆರಿಕದ ನೌಕೆಗಳ ಮೇಲೆ ದಾಳಿಗೆ ಅನುಮತಿ ಬೇಕೆಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ತಡೆದದ್ದು ಹಿಟ್ಲರ್. ಅವನಿಗೆ ಶಾಂತಿಪ್ರೇಮ ಉಕ್ಕಿ ಬಂದಿರಲಿಲ್ಲ. ರಷ್ಯದ ಮೇಲಿನ ದಂಡಯಾತ್ರೆ ಮುಗಿಯುವವರೆಗೆ ಎರಡನೆಯ ದೊಡ್ಡ ಶತ್ರು ಬೇಡವಾಗಿತ್ತು, 1917ರ ಪಾಠವೂ ನೆನಪಿತ್ತು. ಜೂನ್ 20ರಂದು ಯು-203 ಅಮೆರಿಕದ ಟೆಕ್ಸಸ್ ಯುದ್ಧನೌಕೆಯನ್ನು ಗಂಟೆಗಟ್ಟಲೆ ಬೆನ್ನಟ್ಟಿ, ಗುರಿ ಹಿಡಿಯುವ ಜಾಗ ಸಿಗದೆ ಕೈಬಿಟ್ಟಿತು. ರಷ್ಯದ ಮೇಲಿನ ದಾಳಿಗೆ ಇನ್ನು ಎರಡೇ ದಿನ ಬಾಕಿ. ಸುದ್ದಿ ತಿಳಿದ ಹಿಟ್ಲರ್ ಅಮೆರಿಕದೊಂದಿಗೆ ಯಾವ ಘಟನೆಯೂ ನಡೆಯಕೂಡದೆಂದು ಆಜ್ಞೆ ಕಳುಹಿಸಿದ. ಅದಕ್ಕೆ ತಿಂಗಳ ಹಿಂದೆ, ಮೇ 21ರಂದು, ರಾಬಿನ್ ಮೂರ್ ಎಂಬ ಅಮೆರಿಕದ ಸರಕು ಹಡಗನ್ನು ಯು-69 ದಕ್ಷಿಣ ಆಫ್ರಿಕಾದ ಹಾದಿಯಲ್ಲಿ ಮುಳುಗಿಸಿತ್ತು. ಜನರನ್ನು ಮೊದಲು ಜೀವರಕ್ಷಕ ದೋಣಿಗಳಿಗೆ ಇಳಿಸಿದ್ದರಿಂದ ಎಲ್ಲರೂ ಬದುಕಿದರು. ಅದಕ್ಕೆ ಪ್ರತಿಯಾಗಿ ರೂಸ್‌ವೆಲ್ಟ್ ಜರ್ಮನಿಯ ಆಸ್ತಿಯನ್ನು ತಡೆಹಿಡಿದು ಅದರ ಕಾನ್ಸುಲ್ ಕಚೇರಿಗಳನ್ನು ಮುಚ್ಚಿಸಿದರು. ಹೀಗೆ ಒಬ್ಬನಿಗೆ ಸಂಸತ್ತಿನ ಭಯ, ಇನ್ನೊಬ್ಬನಿಗೆ ಪೂರ್ವ ರಣರಂಗದ ಚಿಂತೆ. ಯುದ್ಧವನ್ನು ಯುದ್ಧವೆಂದು ಕರೆಯದಿರುವುದರಲ್ಲಿ ಇಬ್ಬರಿಗೂ ಲಾಭವಿತ್ತು.

ಆಗಸ್ಟ್ 9ರಿಂದ 12ರವರೆಗೆ ನ್ಯೂಫೌಂಡ್‌ಲೆಂಡಿನ ಕೊಲ್ಲಿಯಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹಡಗುಗಳ ಮೇಲೆ ಭೇಟಿಯಾದರು. ಲೋಕಕ್ಕೆ ಗೊತ್ತಾದದ್ದು ಅಟ್ಲಾಂಟಿಕ್ ಸನ್ನದು; ಎಲ್ಲ ಜನರಿಗೂ ತಮ್ಮ ಸರಕಾರವನ್ನು ಆರಿಸಿಕೊಳ್ಳುವ ಹಕ್ಕಿದೆಯೆಂದು ಅದು ಹೇಳಿತು, ಆ ಮಾತು ಭಾರತಕ್ಕೆ ಅನ್ವಯಿಸದೆಂದು ಚರ್ಚಿಲ್ ಮರುತಿಂಗಳೇ ತಮ್ಮ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದರು. ಲೋಕಕ್ಕೆ ಗೊತ್ತಾಗದ ಇನ್ನೊಂದು ಮಾತುಕತೆಯೂ ನಡೆದಿತ್ತು. ಅಧ್ಯಕ್ಷರು ಯುದ್ಧ ಮಾಡುವರು, ಆದರೆ ಘೋಷಿಸುವುದಿಲ್ಲ. ದಿನದಿನಕ್ಕೂ ಹೆಚ್ಚು ಕೆರಳಿಸುವಂತೆ ನಡೆದುಕೊಳ್ಳುವರು ಎಂದು ಚರ್ಚಿಲ್ ಹಿಂದಿರುಗಿ ತಮ್ಮ ಮಂತ್ರಿಮಂಡಲಕ್ಕೆ ತಿಳಿಸಿದರು. ಭೇಟಿಯ ಕೊನೆಯ ದಿನವೇ ಅಮೆರಿಕದ ಪ್ರತಿನಿಧಿ ಸಭೆ ಕಡ್ಡಾಯ ಸೈನಿಕ ಸೇವೆಯ ಅವಧಿಯನ್ನು ವಿಸ್ತರಿಸುವ ಮಸೂದೆಯನ್ನು ಅಂಗೀಕರಿಸಿದ್ದು 203–202ರ ಒಂದೇ ಮತದ ಅಂತರದಿಂದ. ಘೋಷಣೆ ಏಕೆ ಸಾಧ್ಯವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಈಗ ಸೆಪ್ಟೆಂಬರ್ 4. ಗ್ರೀರ್ ಎಂಬ ಅಮೆರಿಕದ ಹಳೆಯ ಡೆಸ್ಟ್ರಾಯರ್ ಅಂಚೆ ಹೊತ್ತು ಐಸ್‌ಲ್ಯಾಂಡಿಗೆ ಹೋಗುತ್ತಿತ್ತು. ಬೆಳಿಗ್ಗೆ ಬ್ರಿಟಿಷ್ ವಿಮಾನವೊಂದು ಮೇಲೆ ಹಾರಿ ಬಂದು, ಸುಮಾರು ಹತ್ತು ಮೈಲು ಮುಂದೆ ಜಲಾಂತರ್ಗಾಮಿಯೊಂದು ಮುಳುಗಿದೆ ಎಂದು ಸಂಕೇತ ಕೊಟ್ಟಿತು. ಅಂದಿನ ಆದೇಶದ ಪ್ರಕಾರ ಗ್ರೀರ್ ದಾಳಿ ಮಾಡುವಂತಿರಲಿಲ್ಲ, ಹುಡುಕಿ ಹಿಂಬಾಲಿಸಬಹುದಿತ್ತು. ಅದು ವೇಗ ಹೆಚ್ಚಿಸಿ ಹೋಗಿ, ಶಬ್ದದ ಪ್ರತಿಧ್ವನಿಯಿಂದ ನೀರಿನಡಿಯ ಯು-652 ಅನ್ನು ಪತ್ತೆ ಹಚ್ಚಿ, ಗಂಟೆಗಳ ಕಾಲ ಅದರ ತಲೆಯ ಮೇಲೆಯೇ ಅಂಟಿಕೊಂಡು ಅದರ ನೆಲೆಯನ್ನು ಪ್ರಸಾರ ಮಾಡುತ್ತಿತ್ತು. ಈ ನಡುವೆ ವಿಮಾನದವರು ನೀನು ದಾಳಿ ಮಾಡುತ್ತೀಯಾ ಎಂದು ಕೇಳಿದರು. ಇಲ್ಲವೆಂಬ ಉತ್ತರ ಬಂದಾಗ ತಮ್ಮಲ್ಲಿದ್ದ ನಾಲ್ಕು ಡೆಪ್ತ್ ಚಾರ್ಜುಗಳನ್ನು ಎಸೆದು, ಇಂಧನ ಮುಗಿಯುತ್ತ ಬಂದುದರಿಂದ ಹೊರಟುಹೋದರು. ನೀರಿನಡಿಯಲ್ಲಿ ಕುಳಿತವನ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ಸಿಡಿತ ಕೇಳಿಸಿತು, ಯಾರು ಎಸೆದರು ಎಂದು ಕಾಣಲಿಲ್ಲ. ಪೆರಿಸ್ಕೋಪಿನಲ್ಲಿ ಕಂಡದ್ದು ನಾಲ್ಕು ಹೊಗೆಕೊಳವೆಗಳ ಹಳೆಯ ಡೆಸ್ಟ್ರಾಯರಾದರೆ, ಅಂಥವೇ 50 ಹಡಗುಗಳು ಈಗ ಬ್ರಿಟನ್ನಿನ ಬಾವುಟ ಹಾರಿಸುತ್ತಿವೆ. ಮಧ್ಯಾಹ್ನದ ಹೊತ್ತಿಗೆ ಜಲಾಂತರ್ಗಾಮಿ ತಿರುಗಿ ಟಾರ್ಪೆಡೊ ಬಿಟ್ಟಿತು. ಗ್ರೀರ್ ತಪ್ಪಿಸಿಕೊಂಡು ಡೆಪ್ತ್ ಚಾರ್ಜುಗಳನ್ನು ಸುರಿಯಿತು. ಇನ್ನೊಂದು ಟಾರ್ಪೆಡೊ ಬಂತು, ಅದೂ ತಪ್ಪಿತು. ಎರಡೂ ಕಡೆ ಗಾಯವಿಲ್ಲ, ಸಾವಿಲ್ಲ.

ಸೆಪ್ಟೆಂಬರ್ 11ರ ರಾತ್ರಿ ರೂಸ್‌ವೆಲ್ಟ್ ರೇಡಿಯೊದಲ್ಲಿ ಈ ಘಟನೆಯ ಬಗ್ಗೆ ಮಾತನಾಡಿದರು. ಭಾಷಣ ಇನ್ನೂ ಮುಂಚೆಯೇ ಆಗಬೇಕಿತ್ತು. ಸೆಪ್ಟೆಂಬರ್ 7ರಂದು ಅವರ ತಾಯಿ ತೀರಿಕೊಂಡದ್ದರಿಂದ ಮುಂದೆ ಹೋಗಿತ್ತು. ಜರ್ಮನ್ ಜಲಾಂತರ್ಗಾಮಿ ಎಚ್ಚರಿಕೆ ಕೊಡದೆ, ಮುಳುಗಿಸುವ ಉದ್ದೇಶದಿಂದಲೇ, ಮೊದಲು ಗುಂಡು ಹಾರಿಸಿತು ಎಂದು ಅವರು ಹೇಳಿದರು. ಕಚ್ಚಲು ಹೆಡೆ ಎತ್ತಿದ ರ್‍ಯಾಟಲ್‌ಸ್ನೇಕ್ ಹಾವನ್ನು ಕಂಡಾಗ ಅದು ಕಚ್ಚುವವರೆಗೆ ಯಾರೂ ಕಾಯುವುದಿಲ್ಲ ಎಂದರು. ಅಮೆರಿಕದ ರಕ್ಷಣೆಗೆ ಅಗತ್ಯವಾದ ಕಡಲುಗಳಿಗೆ ಜರ್ಮನಿ ಇಟಲಿಗಳ ಯುದ್ಧನೌಕೆಗಳು ಬಂದರೆ ಅಪಾಯ ಅವುಗಳದ್ದೇ ಎಂದು ಎಚ್ಚರಿಸಿದರು. ಕಂಡಲ್ಲಿ ಗುಂಡಿಕ್ಕುವ ಆದೇಶವೆಂದು ಪತ್ರಿಕೆಗಳು ಕರೆದದ್ದು ಇದನ್ನೇ. ಅದೇ ರಾತ್ರಿ ಅಯೋವಾದ ಡಿ ಮೊಯ್ನ್ ನಗರದಲ್ಲಿ, ಯುದ್ಧ ಬೇಡವೆನ್ನುವ ‘ಅಮೆರಿಕ ಫಸ್ಟ್’ ಸಂಘಟನೆಯ ಸಭೆಗೆ ಸೇರಿದ್ದ ಜನರಿಗೆ ಮೊದಲು ಅಧ್ಯಕ್ಷರ ಈ ಭಾಷಣವನ್ನು ಧ್ವನಿವರ್ಧಕದಲ್ಲಿ ಕೇಳಿಸಲಾಯಿತು. ಬಳಿಕ ಎದ್ದುನಿಂತ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್, ದೇಶವನ್ನು ಯುದ್ಧಕ್ಕೆ ದೂಡುತ್ತಿರುವವರು ಬ್ರಿಟಿಷರು, ಯೆಹೂದ್ಯರು ಮತ್ತು ರೂಸ್‌ವೆಲ್ಟ್ ಸರಕಾರ ಎಂದರು. ಯೆಹೂದ್ಯರ ಮೇಲೆ ಹೊರಿಸಿದ ಆ ಆರೋಪ ಯುದ್ಧವಿರೋಧಿಗಳ ಪಕ್ಷಕ್ಕೆ ಮಾಡಿದಷ್ಟು ಹಾನಿಯನ್ನು ರೂಸ್‌ವೆಲ್ಟರ ಯಾವ ಭಾಷಣವೂ ಮಾಡಿರಲಾರದು.

ಗ್ರೀರ್ ಬಗ್ಗೆ ಅಧ್ಯಕ್ಷರು ಹೇಳಿದ್ದರಲ್ಲಿ ಒಂದು ವಾಕ್ಯವೂ ಪೂರ್ತಿ ಸುಳ್ಳಲ್ಲ. ಜಲಾಂತರ್ಗಾಮಿಯನ್ನು ಗ್ರೀರ್ ಗಂಟೆಗಟ್ಟಲೆ ಬೆನ್ನಟ್ಟಿದ್ದನ್ನೂ ಬ್ರಿಟಿಷ್ ವಿಮಾನದ ದಾಳಿಯನ್ನೂ ಅವರು ಹೇಳಲಿಲ್ಲ, ಅಷ್ಟೆ. ಸೆನೆಟ್ಟಿನ ನೌಕಾ ಸಮಿತಿ ಲಿಖಿತ ಪ್ರಶ್ನೆಗಳನ್ನು ಕಳುಹಿಸಿದಾಗ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸ್ಟಾರ್ಕ್ ಗಂಟೆ ನಿಮಿಷಗಳ ಸಹಿತ ನಿಜವನ್ನು ಬರೆದುಕೊಟ್ಟರು; ಕೆಲವೇ ವಾರಗಳಲ್ಲಿ ಅದು ಪ್ರಕಟವೂ ಆಯಿತು. ಅಷ್ಟರಲ್ಲಿ ಆದೇಶ ಜಾರಿಯಾಗಿತ್ತು, ಸೆಪ್ಟೆಂಬರಿನ ಮಧ್ಯದಿಂದ ಅಮೆರಿಕದ ಡೆಸ್ಟ್ರಾಯರುಗಳು ಬ್ರಿಟನ್ನಿಗೆ ಹೋಗುವ ಹಡಗುಗಳ ಬೆಂಗಾವಲಿಗೆ ನಿಂತಾಗಿತ್ತು. ನಾಜಿ ಜರ್ಮನಿಯನ್ನು ತಡೆಯಬೇಕೆಂಬ ಗುರಿಯಲ್ಲಿ ರೂಸ್‌ವೆಲ್ಟ್ ಸರಿಯಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆಂದು ವಿಧಾನವನ್ನು ಮನ್ನಿಸಲು ಮನಸ್ಸು ಒಪ್ಪುವುದಿಲ್ಲ. 1964ರಲ್ಲಿ ಟಾನ್‌ಕಿನ್ ಕೊಲ್ಲಿಯಲ್ಲಿ ಡೆಸ್ಟ್ರಾಯರುಗಳ ಮೇಲೆ ದಾಳಿಯಾಯಿತೆಂದು ಹೇಳಿ ಅಧ್ಯಕ್ಷ ಜಾನ್ಸನ್ ವಿಯೆಟ್ನಾಂ ಯುದ್ಧಕ್ಕೆ ಸಂಸತ್ತಿನ ಒಪ್ಪಿಗೆ ಪಡೆದರು. ಒಳ್ಳೆಯ ಉದ್ದೇಶಕ್ಕಾಗಿ ರೂಸ್‌ವೆಲ್ಟ್ ನಡೆದ ವಕ್ರಮಾರ್ಗವೇ ಕೆಟ್ಟ ಉದ್ದೇಶಕ್ಕಾಗಿ ಜಾನ್ಸನ್ ನಡೆಯಲು ಹಾದಿ ಸುಲಭ ಮಾಡಿತು ಎಂದು ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಮುಂದೆ ನೊಂದು ನುಡಿದರು. ಟಾನ್‌ಕಿನ್ ನಿರ್ಣಯವನ್ನು ಸೆನೆಟ್ಟಿನಲ್ಲಿ ಮುಂದೆ ನಿಂತು ನಡೆಸಿಕೊಟ್ಟವರು ಅವರೇ.

ಇನ್ನು ಘಟನೆಗಳು ತಾವಾಗಿ ಉರುಳಿದವು. ಸೆಪ್ಟೆಂಬರ್ 17ರಂದು ರೇಡರ್ ಮತ್ತೆ ಅನುಮತಿ ಕೇಳಿದಾಗ, ಅಕ್ಟೋಬರಿನ ಮಧ್ಯದವರೆಗೆ ತಾಳಿಕೊಳ್ಳಿ ಎಂದು ಹಿಟ್ಲರ್ ಹೇಳಿದ. ರಷ್ಯದ ಕೆಲಸ ಅಷ್ಟರಲ್ಲಿ ಮುಗಿದೀತೆಂದು ಅವನ ಲೆಕ್ಕ. ಅಕ್ಟೋಬರ್ 17ರ ನಸುಕಿನಲ್ಲಿ, ಎಸ್‌ಸಿ-48 ಎಂಬ ಹಡಗುಸಾಲಿನ ಮೇಲೆ ಜಲಾಂತರ್ಗಾಮಿಗಳು ಮುಗಿಬಿದ್ದಾಗ ನೆರವಿಗೆ ಹೋಗಿದ್ದ ಕಿಯರ್ನಿ ಎಂಬ ಹೊಸ ಡೆಸ್ಟ್ರಾಯರಿಗೆ ಯು-568ರ ಟಾರ್ಪೆಡೊ ಬಡಿಯಿತು. ಹಡಗು ಹೇಗೋ ತೆವಳಿ ಐಸ್‌ಲ್ಯಾಂಡ್ ಸೇರಿತು. ಸತ್ತವರು 11 ಮಂದಿ. ಜರ್ಮನಿಯೊಂದಿಗಿನ ಈ ಹೆಸರಿಲ್ಲದ ಯುದ್ಧದಲ್ಲಿ ಸತ್ತ ಅಮೆರಿಕದ ಮೊದಲ ನೌಕಾ ಸೈನಿಕರು ಅವರು. ಅಕ್ಟೋಬರ್ 27ರಂದು ರೂಸ್‌ವೆಲ್ಟ್, ಮೊದಲ ಗುಂಡು ಯಾರದೆಂಬುದನ್ನು ಇತಿಹಾಸ ದಾಖಲಿಸಿದೆ ಎಂದರು. ದಕ್ಷಿಣ ಅಮೆರಿಕವನ್ನು ಹಂಚಿಕೊಳ್ಳುವ ಜರ್ಮನಿಯ ಗುಪ್ತ ನಕ್ಷೆಯೊಂದು ತಮ್ಮ ಬಳಿ ಇದೆಯೆಂದೂ ಹೇಳಿದರು. ಆ ನಕ್ಷೆ ಬ್ರಿಟಿಷ್ ಗೂಢಚಾರರ ಕೈಚಳಕವಾಗಿತ್ತೆಂದೇ ಇಂದು ಹೆಚ್ಚಿನ ಇತಿಹಾಸಕಾರರು ನಂಬುತ್ತಾರೆ. ನಾಲ್ಕು ದಿನಗಳ ನಂತರ ರೂಬೆನ್ ಜೇಮ್ಸ್ ಮುಳುಗಿತು. ಯು-552ರ ಟಾರ್ಪೆಡೊ ಅದರ ಮದ್ದಿನ ಕೋಣೆಯನ್ನೇ ಸಿಡಿಸಿತು; ಮುಳುಗುತ್ತಿದ್ದ ಹಿಂಭಾಗದಲ್ಲಿದ್ದ ಡೆಪ್ತ್ ಚಾರ್ಜುಗಳು ನೀರಿನಡಿ ಸಿಡಿದು, ಈಜುತ್ತಿದ್ದವರಲ್ಲೂ ಕೆಲವರನ್ನು ಕೊಂದವು.

ಇಷ್ಟಾದ ಮೇಲೆ ದೇಶ ಕೆರಳಿ ಯುದ್ಧ ಕೇಳಿತು ಎಂದು ನೀವು ಭಾವಿಸಿದರೆ ಅದು ಸಹಜ, ಆದರೆ ಹಾಗಾಗಲಿಲ್ಲ. ವ್ಯಾಪಾರಿ ಹಡಗುಗಳಿಗೆ ತೋಪು ಅಳವಡಿಸಲು ಮತ್ತು ಅವು ಯುದ್ಧವಲಯಕ್ಕೆ ಹೋಗಲು ಅವಕಾಶ ಕೊಡುವ ತಿದ್ದುಪಡಿ ನವೆಂಬರಿನಲ್ಲಿ ಸೆನೆಟ್ಟಿನಲ್ಲಿ 50–37ರಿಂದ, ಪ್ರತಿನಿಧಿ ಸಭೆಯಲ್ಲಿ 212–194ರಿಂದ ಗೆದ್ದಿತು. ಒಂದು ಯುದ್ಧನೌಕೆ ಮುಳುಗಿ ಎರಡು ವಾರ ಕಳೆದಿರಲಿಲ್ಲ. ಕೇವಲ 18 ಮತಗಳ ಅಂತರ. ಆ ದಿನ ಯುದ್ಧ ಘೋಷಣೆಯ ನಿರ್ಣಯ ಮಂಡಿಸಿದ್ದರೆ ಅದು ಬಿದ್ದುಹೋಗುತ್ತಿತ್ತು ಎಂಬುದು ನನ್ನ ಎಣಿಕೆ. ರೂಸ್‌ವೆಲ್ಟರ ಎಣಿಕೆಯೂ ಅದೇ ಇದ್ದಿರಬೇಕು, ಅವರು ಕೇಳಲೇ ಇಲ್ಲ.

ಕೊನೆಗೆ ಘೋಷಣೆ ಬಂದದ್ದು ಬರ್ಲಿನ್ನಿನಿಂದ. ಜಪಾನಿನ ದಾಳಿಯಾಗಿ ನಾಲ್ಕು ದಿನಗಳ ಮೇಲೆ, ಡಿಸೆಂಬರ್ 11ರಂದು, ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್ ಅಮೆರಿಕದ ಪ್ರತಿನಿಧಿಯನ್ನು ಕರೆಸಿ ಯುದ್ಧದ ಪತ್ರವನ್ನು ಓದಿದ. ಎರಡು ವರ್ಷ ನುಂಗಿಕೊಂಡದ್ದೆಲ್ಲ ಆ ಪತ್ರದಲ್ಲಿ ಹೊರಬಂತು: ಸೆಪ್ಟೆಂಬರ್ 11ರ ಆದೇಶ, ಗ್ರೀರ್, ಕಿಯರ್ನಿ, ಜೊತೆಗೆ ಜರ್ಮನಿಯ ವ್ಯಾಪಾರಿ ಹಡಗುಗಳನ್ನು ಶತ್ರು ಹಡಗುಗಳಂತೆ ಹಿಡಿದದ್ದು. ಅಮೆರಿಕದ ಸಂಸತ್ತು ಅದೇ ದಿನ ಒಂದೂ ವಿರುದ್ಧ ಮತವಿಲ್ಲದೆ ಪ್ರತಿಘೋಷಣೆ ಮಾಡಿತು.

ಹಿಡಿದ ಹಡಗಿನ ಆರೋಪಕ್ಕೆ ಆಧಾರವಿತ್ತು. ನವೆಂಬರ್ 6ರಂದು ಭೂಮಧ್ಯರೇಖೆಯ ಬಳಿ ಗಸ್ತು ತಿರುಗುತ್ತಿದ್ದ ಒಮಾಹಾ ಎಂಬ ಕ್ರೂಸರಿಗೂ ಸೋಮರ್ಸ್ ಎಂಬ ಡೆಸ್ಟ್ರಾಯರಿಗೂ, ಅಮೆರಿಕದ ಬಾವುಟ ಹಾರಿಸುತ್ತ, ತನ್ನನ್ನು ಫಿಲಡೆಲ್ಫಿಯಾದ ವಿಲ್‌ಮೋಟೊ ಎಂದು ಕರೆದುಕೊಂಡ ಸರಕು ಹಡಗೊಂದು ಎದುರಾಯಿತು. ಸಂಶಯದಿಂದ ಹತ್ತಿರ ಹೋದಾಗ ಅದರ ನಾವಿಕರು ಹಡಗು ಮುಳುಗುತ್ತಿದೆಯೆಂದು ಸಂಕೇತ ಕೊಟ್ಟು ದೋಣಿಗಳಿಗೆ ಇಳಿಯತೊಡಗಿದರು; ಒಳಗೆ ಸ್ಫೋಟದ ಸದ್ದು. ಅದು ಜಪಾನಿನಿಂದ ರಬ್ಬರು ತರುತ್ತಿದ್ದ ಜರ್ಮನಿಯ ಓಡನ್‌ವಾಲ್ಡ್. ಅಮೆರಿಕದ ನಾವಿಕರು ಹತ್ತಿ, ನೀರು ನುಗ್ಗುವುದನ್ನು ತಡೆದು, ಹಡಗನ್ನು ಪೋರ್ಟೊ ರಿಕೊಗೆ ತಂದರು. ಯುದ್ಧವೆಲ್ಲ ಮುಗಿದು 1947ರಲ್ಲಿ ಮೊಕದ್ದಮೆ ಇತ್ಯರ್ಥವಾದಾಗ ನ್ಯಾಯಾಲಯದ ಮುಂದಿದ್ದ ಪ್ರಶ್ನೆ, ಇದು ಯುದ್ಧದಲ್ಲಿ ಗೆದ್ದ ಹಡಗೇ ಎಂಬುದು. ಆ ದಿನಾಂಕದಂದು ಅಮೆರಿಕಕ್ಕೂ ಜರ್ಮನಿಗೂ ಯುದ್ಧವಿರಲಿಲ್ಲವಾದ್ದರಿಂದ ಇದನ್ನು ಮುಳುಗುತ್ತಿದ್ದ ಹಡಗಿನ ರಕ್ಷಣೆಯೆಂದೇ ಎಣಿಸಿ, ಹಡಗು ಹತ್ತಿದ ತಂಡದವರಿಗೆ ತಲಾ 3,000 ಡಾಲರ್, ಉಳಿದ ನಾವಿಕರಿಗೆ ಎರಡೆರಡು ತಿಂಗಳ ಸಂಬಳ ಮತ್ತು ಭತ್ಯೆ ಕೊಡುವಂತೆ ತೀರ್ಪಾಯಿತು. ಯುದ್ಧವಿರಲಿಲ್ಲವೆಂದು ತೀರ್ಪಿನಲ್ಲಿ ಹೇಳಿದ ಆ ನವೆಂಬರ್ 6ಕ್ಕೆ ರೂಬೆನ್ ಜೇಮ್ಸ್ ಮುಳುಗಿ ಆರು ದಿನಗಳಾಗಿದ್ದವು.